ಹಳೇ ಇಂಜಿನ್ ಕಲಿಸಿದ ಪಾಠ
(ನಮ್ಮ ಕೂಟದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಣಗಾರ ಅಲ್ಲ. ಐಟಿಐ ಎಲೆಕ್ಟ್ರಿಷಿಯನ್. ಹನ್ನೊಂದು ವರ್ಷದಿಂದ ಇಲ್ಲಿ ದುಬೈನಲ್ಲಿ ಕೇಬಲ್ ಎಳೀತಾ ಇದ್ದೀನಿ. "ನಿನಗೆ ಹಳೇ ಬೈಕ್ ಹುಚ್ಚು ಇದೆಯಲ್ಲ, ಅದರ ಬಗ್ಗೆನೇ ಹತ್ತು ನಿಮಿಷ ಮಾತಾಡು" ಅಂತ ಕಾರ್ಯದರ್ಶಿಗಳು ಹೇಳಿದರು. ಹಳೇ ಬೈಕುಗಳನ್ನ ಹೊಗಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಅವುಗಳ ಇಂಜಿನ್ ನೋಡಿದಾಗ "ಇದನ್ನ ಯಾಕಪ್ಪಾ ಹೀಗೆ ಮಾಡಿದರು?" ಅನ್ನಿಸುವ ಮೂರು ವಿಷಯ ಹೇಳ್ತೀನಿ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳೋದಿದೆ.

ಮೈಸೂರು ಕಡೆಯವರಿಗೆ ಜಾವಾ, ಯೆಜ್ಡಿ ಅಂದರೆ ಮನೆ ಮಗನಿದ್ದ ಹಾಗೆ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮೂಲ ವಿನ್ಯಾಸ ಜೆಕೊಸ್ಲೊವಾಕಿಯಾದ್ದು. 250 ಸಿಸಿ ಟೂ-ಸ್ಟ್ರೋಕ್ ಇಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು!

ಮೊದಲನೇದು, ಅದರ ಲಿವರ್. ಜಾವಾದಲ್ಲಿ ಕಿಕ್ ಹೊಡೆಯೋದಕ್ಕೂ ಗೇರ್ ಹಾಕೋದಕ್ಕೂ ಇರೋದು ಒಂದೇ ಲಿವರ್, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಕ್ಕೆ ಇಳಿಸಿದರೆ ಗೇರ್. ಬಲಗಾಲಲ್ಲಿ ಕಿಕ್ ಹೊಡೆದು ಅಭ್ಯಾಸ ಇರೋನು ಮೊದಲ ದಿನ ಬಲಗಡೆ ಕಿಕ್ಕರ್ ಹುಡುಕ್ತಾ ನಿಂತಿರ್ತಾನೆ. ಆದರೆ ಅದೇ ಗೇರ್ ಲಿವರ್ ತುಳಿದಾಗ ಕ್ಲಚ್ಚು ತಾನಾಗೇ ಬಿಡೋ ಏರ್ಪಾಡೂ ಇತ್ತು. ಕೈಗೆ ಕೆಲಸ ಕಡಿಮೆ. ಅಡ್ಜಸ್ಟ್‌ಮೆಂಟ್ ಸರಿ ಇದ್ದರೆ ಬೆಣ್ಣೆ, ತಪ್ಪಿದರೆ ಗೇರ್ ಹಾಕುವಾಗೆಲ್ಲ ಕಟಕಟ. ಇದನ್ನ ತಪ್ಪು ಅನ್ನೋದಕ್ಕಿಂತ ಅತಿ ಬುದ್ಧಿವಂತಿಕೆ ಅನ್ನಬಹುದು.

ಎರಡನೇದು ನನ್ನ ಕಸುಬಿನ ವಿಷಯ, 6 ವೋಲ್ಟ್ ಕರೆಂಟು. ಆ ಕಾಲದ ಎಷ್ಟೋ ಬೈಕುಗಳಲ್ಲಿ ಇದ್ದದ್ದು ಇದೇ. ಜಾವಾದಲ್ಲಿ ಡೈನಮೋ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲೇ ಕೂತಿರುತ್ತೆ. ಚೈನು ಬೇಡ, ಬೆಲ್ಟು ಬೇಡ. ಆದರೆ ಇಂಜಿನ್ ನಿಧಾನ ಆದರೆ ಡೈನಮೋನೂ ನಿಧಾನ. ಸಂಜೆ ಹೊತ್ತು ಆಕ್ಸಿಲರೇಟರ್ ಬಿಟ್ಟರೆ ಹೆಡ್‌ಲೈಟ್ ದೀಪಾವಳಿ ಹಣತೆ ಥರ ಆಗ್ತಿತ್ತು.

ಲೆಕ್ಕ ನೋಡಿ. 35 ವ್ಯಾಟ್ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪ್ಸ್ ಬೇಕು, 12 ವೋಲ್ಟಿನಲ್ಲಿ 3 ಆಂಪ್ಸ್ ಸಾಕು. ಅರ್ತ್ ಕೊಟ್ಟಿರೋ ಜಾಗದಲ್ಲಿ ತುಕ್ಕು ಹಿಡಿದು ಬರೀ 0.2 ಓಮ್ ರೆಸಿಸ್ಟೆನ್ಸ್ ಬಂತು ಅನ್ನಿ. 6 ವೋಲ್ಟ್ ಗಾಡಿಯಲ್ಲಿ 1.2 ವೋಲ್ಟ್ ಅಲ್ಲೇ ಮಾಯ. ಐದರಲ್ಲಿ ಒಂದು ಪಾಲು ಹೋಯಿತು. ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. 12 ವೋಲ್ಟಿನಲ್ಲಾದರೆ ಹೋಗೋದು 0.6 ವೋಲ್ಟ್, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಜನ ಏನು ಮಾಡ್ತಿದ್ದರು? ದೊಡ್ಡ ಬಲ್ಬು ಹಾಕಿಸ್ತಿದ್ದರು. ಆಗ ಕರೆಂಟ್ ಇನ್ನೂ ಜಾಸ್ತಿ, ನಷ್ಟ ಇನ್ನೂ ಜಾಸ್ತಿ, ಡೈನಮೋಗೂ ಭಾರ. ಬೇಕಾಗಿದ್ದದ್ದು ಒಂದು ತುಂಡು ಉಪ್ಪು ಕಾಗದ, ಅಷ್ಟೇ. ಹಾಗಾದರೆ ಮೊದಲೇ 12 ವೋಲ್ಟ್ ಯಾಕೆ ಕೊಡಲಿಲ್ಲ? 6 ವೋಲ್ಟ್ ಬ್ಯಾಟರಿಗೆ ಮೂರು ಸೆಲ್ ಸಾಕು, 12ಕ್ಕೆ ಆರು ಬೇಕು. ತೂಕ, ಜಾಗ, ದುಡ್ಡು. ಉಳಿತಾಯ ಆದದ್ದು ಕಾರ್ಖಾನೆಯಲ್ಲಿ, ಕತ್ತಲೆ ಬಿದ್ದದ್ದು ರಸ್ತೆಯಲ್ಲಿ.

ಇದು ಟೂ-ಸ್ಟ್ರೋಕಿಗೆ ಮಾತ್ರ ಅಂಟಿದ ಕಾಯಿಲೆ ಅಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಎಡ್ವರ್ಡ್ ಟರ್ನರ್ 1937ರಲ್ಲಿ ಸ್ಪೀಡ್ ಟ್ವಿನ್ ತಂದರು. ಎರಡು ಪಿಸ್ಟನ್, ಎರಡೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಒಂದೇ ಕಾರ್ಬೊರೇಟರ್ ಸಾಕು, ಇಂಜಿನ್ನೂ ಚಿಕ್ಕದು. ಆದರೆ ಒಂದರ ಕುಲುಕಾಟವನ್ನ ಇನ್ನೊಂದು ತಡೆಯೋದಿಲ್ಲವಲ್ಲ! ಆ ನಡುಕ ತಡ್ಕೊಂಡದ್ದು ಸವಾರನ ಕೈ.

ಈಗ ಮೂರನೇದು. ಪೆಟ್ರೋಲಿಗೆ ಎಣ್ಣೆ ಬೆರೆಸೋದು. ಟೂ-ಸ್ಟ್ರೋಕಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಆಯಿಲ್ ಪಂಪೂ ಇಲ್ಲ. ಓಡಾಡೋ ಮುಖ್ಯ ಭಾಗ ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಶಾಫ್ಟ್. ಲೀಟರ್ ಪೆಟ್ರೋಲಿಗೆ ಹೇಳಿದಷ್ಟು ಎಣ್ಣೆ ಸೇರಿಸಿಬಿಟ್ಟರೆ ಅದೇ ಹೋಗಿ ಬೇರಿಂಗಿಗೂ ಪಿಸ್ಟನ್ನಿಗೂ ಹತ್ತುತ್ತೆ. ಎಷ್ಟು ಸರಳ! ಆದರೆ ಘಾಟಿ ಇಳಿಯುವಾಗ ಯೋಚನೆ ಮಾಡಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೀರಿ. ಇಂಜಿನ್ನನ್ನ ಚಕ್ರ ತಿರುಗಿಸ್ತಾ ಇದೆ, ಪಿಸ್ಟನ್ ಜೋರಾಗಿ ಓಡ್ತಾ ಇದೆ. ಕಾರ್ಬೊರೇಟರ್ ಮಾತ್ರ ಮುಚ್ಚಿದೆ. ಪೆಟ್ರೋಲ್ ಬರ್ತಿಲ್ಲ ಅಂದರೆ ಎಣ್ಣೆಯೂ ಬರ್ತಿಲ್ಲ. ಅದಕ್ಕೇ ಹಳಬರು ಇಳಿಜಾರಿನಲ್ಲಿ ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ಕೊಡ್ತಿದ್ದರು. 1964ರಲ್ಲಿ ಯಮಹಾದವರು ಎಣ್ಣೆಗೆ ಬೇರೆ ಪಂಪ್ ಇಟ್ಟು, ಆಟೋಲ್ಯೂಬ್ ಅಂತ ಹೆಸರು ಕೊಟ್ಟು, ಇದಕ್ಕೊಂದು ದಾರಿ ತೋರಿಸಿದರು.

ನನಗೆ ಇದು ಗೊತ್ತಿರಲಿಲ್ಲ. ಐಟಿಐ ಓದುವಾಗ ಸೋದರಮಾವನ ಹಳೇ ಟೂ-ಸ್ಟ್ರೋಕ್ ಗಾಡಿ ಕೇಳಿ ಇಸ್ಕೊಂಡು ಗೆಳೆಯನ ಜೊತೆ ಸುಳ್ಯಕ್ಕೆ ಹೊರಟೆ. ಯಾವ ಕಂಪನಿ ಅನ್ನೋದು ಬೇಡ, ತಪ್ಪು ಗಾಡಿದಲ್ಲ. ಮಡಿಕೇರಿ ದಾಟಿ ಸಂಪಾಜೆ ಕಡೆ ಇಳಿಯುವಾಗ ಪೆಟ್ರೋಲ್ ಉಳೀಲಿ ಅಂತ ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ಒಂದು ತಿರುವಿನಲ್ಲಿ ಇಂಜಿನ್ ಸೀಜ್ ಆಯಿತು, ಹಿಂದಿನ ಚಕ್ರ ಹಿಡ್ಕೊಂಡಿತು, ಇಬ್ಬರೂ ಬಿದ್ದೆವು. ಗೆಳೆಯನ ಮಂಡಿಗೆ ಆರು ಹೊಲಿಗೆ.

ಮಾವ ಕೇಳಿದಾಗ ನಾನು ಏನು ಹೇಳಿದೆ ಗೊತ್ತಾ? "ಬಂಕಿನ ಹುಡುಗ ಎಣ್ಣೆ ಕಮ್ಮಿ ಹಾಕಿದ, ಮಾವ." ಮಾವ ಹೋಗಿ ಬಂಕಿನಲ್ಲಿ ಗಲಾಟೆ ಮಾಡಿದರು. ಆ ಹುಡುಗ "ಸರಿಯಾಗೇ ಹಾಕಿದ್ದೀನಿ ಸಾರ್" ಅಂತ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಆ ಬಂಕಿನಲ್ಲಿ ಬೇರೆ ಹುಡುಗ ಇದ್ದ.

ಘಾಟಿಯಲ್ಲಿ ಎಣ್ಣೆ ಯಾಕೆ ಸಿಗಲಿಲ್ಲ ಅಂತ ಒಬ್ಬ ಮೆಕ್ಯಾನಿಕ್ ಬಿಡಿಸಿ ಹೇಳಿದ್ದು ಎರಡು ವರ್ಷ ಆದಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಸೈಟಿನಲ್ಲಿ ಪಂಪಿನ ಮೋಟರ್ ಪದೇ ಪದೇ ಓವರ್‌ಲೋಡ್ ಟ್ರಿಪ್ ಆಗ್ತಿತ್ತು. ಟರ್ಮಿನೇಷನ್ ಮಾಡಿದ್ದು ನಮ್ಮ ಹೆಲ್ಪರ್ ಹುಡುಗ, ಬಂದು ಮೂರು ತಿಂಗಳಾಗಿತ್ತು. "ಲೂಸ್ ಕನೆಕ್ಷನ್, ಅವನದೇ ತಪ್ಪು" ಅಂತ ರಿಪೋರ್ಟ್ ಬರೆಯೋಕೆ ಹೊರಟಿದ್ದರು. ನನ್ನ ಸಹಿಯೂ ಬೇಕಿತ್ತು. ಪೆನ್ನು ಕೈಯಲ್ಲಿತ್ತು, ಬಂಕಿನ ಹುಡುಗನ ಮುಖ ಕಣ್ಣಮುಂದೆ ಬಂತು. "ಒಂದು ಗಂಟೆ ಕೊಡಿ ಸಾರ್" ಅಂದೆ. ಮೋಟರ್ ಓಡಿಸಿಕೊಂಡೇ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆದೆ, ಆಮೇಲೆ ಕೇಬಲ್ ಅಳೆದೆ. ಡ್ರಾಯಿಂಗಿನಲ್ಲಿ 60 ಮೀಟರ್ ಅಂತಿತ್ತು, ಸುತ್ತಿ ಬಳಸಿ ಹೋಗಿದ್ದು 140 ಮೀಟರ್. ಆ ದೂರಕ್ಕೆ ಆ ಸೈಜಿನ ಕೇಬಲ್ ಸಾಲದು. ಮೋಟರಿಗೆ ವೋಲ್ಟೇಜ್ ಕಮ್ಮಿ, ಅದಕ್ಕೇ ಆಂಪ್ಸ್ ಜಾಸ್ತಿ. ಹೆಲ್ಪರ್ ಮಾಡಿದ ಟರ್ಮಿನೇಷನ್ ನನ್ನದಕ್ಕಿಂತ ಚೆನ್ನಾಗಿತ್ತು. ರಿಪೋರ್ಟಿನಿಂದ ಅವನ ಹೆಸರು ಹೋಯಿತು. ಅವನು ಇವತ್ತು ಇಲ್ಲೇ, ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.

ಹಳೇ ಇಂಜಿನ್ ಮಾಡಿದವರು ದಡ್ಡರಲ್ಲ. ಅವರ ಕಾಲಕ್ಕೆ, ಅವರ ಹತ್ತಿರ ಇದ್ದ ದುಡ್ಡಿಗೆ ಒಂದು ದಾರಿ ಆರಿಸಿಕೊಂಡರು. ಆರಿಸಿದವರು ಮೇಲಿರ್ತಾರೆ, ಅದು ಕೈಕೊಟ್ಟಾಗ ಬೈಸಿಕೊಳ್ಳೋನು ಕೆಳಗಿರ್ತಾನೆ. ನಾವೆಲ್ಲ ಒಂದಲ್ಲ ಒಂದು ದಿನ ಆ ಕೆಳಗಿನ ಜಾಗದಲ್ಲಿ ನಿಂತವರೇ.

ಹೋದ ರಜೆಯಲ್ಲಿ ಮಾವನ ಹತ್ತಿರ ನಿಜ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ನನಗೆ ಹೇಳಿದೆ ಸರಿ, ಆ ಹುಡುಗನಿಗೆ ಯಾರಯ್ಯ ಹೇಳೋರು?" ಅಂದರು. ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳ್ತಾ ಇದ್ದೀನಿ. ನಾಳೆ ಸೈಟಿನಲ್ಲಿ ಏನಾದರೂ ಕೆಟ್ಟರೆ ಮೊದಲು ಮೀಟರ್ ತೆಗೀರಿ, ಆಮೇಲೆ ಬಾಯಿ ತೆಗೀರಿ.