ತಜ್ಞವೈದ್ಯರಾಗುವವರಿಗೂ ಪಾಠ ಬೇಕು



ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಆರು ವರ್ಷದ ಹುಡುಗನೊಬ್ಬ ಮಾವಿನ ಮರದಿಂದ ಬಿದ್ದನೆಂದು ಭಾವಿಸಿ. ಮೊಣಕೈ ಊದಿದೆ. ರಾತ್ರಿಯೇ ದಾವಣಗೆರೆಗೋ ಶಿವಮೊಗ್ಗಕ್ಕೋ ಕರೆದೊಯ್ಯುತ್ತಾರೆ. ಅಲ್ಲಿ ಎಕ್ಸ್-ರೇ ನೋಡುವವರು ಎಂ.ಬಿ.ಬಿ.ಎಸ್. ಮುಗಿಸಿ ತಜ್ಞರಾಗಲು ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಯಾಗಿರಬಹುದು. 2020ರಲ್ಲಿ ಬಂದ ನಿಯಮದಂತೆ ಇವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಆಗ ಅವರ ಪ್ರಾಧ್ಯಾಪಕರು ಪಕ್ಕದಲ್ಲಿರುವುದಿಲ್ಲ.

ಚಿತ್ರದಲ್ಲಿ ಮೂಳೆಯಿಂದ ಬೇರೆಯಾದ ಒಂದು ಚೂರು ಕಾಣುತ್ತದೆ. ಮುರಿದಿದೆಯೇ? ಮಕ್ಕಳ ಮೊಣಕೈಯಲ್ಲಿ ಮೂಳೆಯ ತುದಿಗಳು ಬಹುಮಟ್ಟಿಗೆ ಮೃದ್ವಸ್ಥಿ. ಅದು ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಅದರೊಳಗೆ ಆರು ಕಡೆ, ಸುಮಾರು ಒಂದನೆಯ ವರ್ಷದಿಂದ ಹನ್ನೆರಡರವರೆಗೆ, ಒಂದು ಗೊತ್ತಾದ ಕ್ರಮದಲ್ಲಿ ಮೂಳೆ ಹುಟ್ಟುತ್ತದೆ. ಹೊಸದಾಗಿ ಹುಟ್ಟಿದ ಮೂಳೆಯೂ ಮುರಿದ ಚೂರಿನ ಹಾಗೆಯೇ ಕಾಣುತ್ತದೆ! ಆ ಕ್ರಮ ತಿಳಿಯದಿದ್ದರೆ ಬೇಡದ ಕಡೆ ಪ್ಲಾಸ್ಟರ್ ಬೀಳುತ್ತದೆ. ಇಲ್ಲವೇ ನಿಜವಾಗಿ ಮುರಿದದ್ದು ಕಣ್ತಪ್ಪಿ, ಹುಡುಗನ ಕೈ ಸೊಟ್ಟಗಾಗಿ ಉಳಿಯುತ್ತದೆ.

ಇಂಥದ್ದನ್ನು ದೂರದಿಂದ ಕಲಿಸುವುದು ಹೇಗೆ? ಆಸ್ಟ್ರೇಲಿಯಾದ ಫ್ರಾಂಕ್ ಗೈಲಾರ್ಡ್ ತಾವೇ ಕ್ಷಕಿರಣ ಶಾಸ್ತ್ರದ ತರಬೇತಿಯಲ್ಲಿದ್ದಾಗ, 2005ರಲ್ಲಿ, 'ರೇಡಿಯೋಪೀಡಿಯಾ' ಎಂಬ ಅಂತರ್ಜಾಲ ಕೋಶವನ್ನು ಆರಂಭಿಸಿದರು. ಇಂದು ನಾನಾ ದೇಶಗಳ ವೈದ್ಯರು ಬಿಡುವಿನಲ್ಲಿ, ಸಂಬಳವಿಲ್ಲದೆ, ಅದಕ್ಕೆ ಚಿತ್ರಗಳನ್ನೂ ಬರಹಗಳನ್ನೂ ಸೇರಿಸುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ವಿಡಿಯೋ ಮೂಲಕ ದೂರದ ಜಿಲ್ಲೆಗಳ ವೈದ್ಯರೊಡನೆ ಕುಳಿತು, ರೋಗಿಯ ಹೆಸರು ಹೇಳದೆ, ಒಂದೊಂದು ಪ್ರಕರಣವನ್ನು ಚರ್ಚಿಸುವ ಪದ್ಧತಿಯನ್ನೂ ಬೆಳೆಸಿದ್ದಾರೆ.

ನಾನು ವಿಜ್ಞಾನ ಪದವೀಧರ, ವೈದ್ಯನಲ್ಲ. ಕೆಲವು ವರ್ಷಗಳ ಹಿಂದೆ ಇಂಥದೊಂದು ಪಾಠ ತಯಾರಿಸಲು ಬಿಡುವಿನಲ್ಲಿ ಕೈಜೋಡಿಸಿದೆ. ಮೊದಲು ಮಾಡಿದ್ದು ನಲವತ್ತು ನಿಮಿಷದ ಉಪನ್ಯಾಸ. ರಾತ್ರಿ ಪಾಳಿ ಮುಗಿಸಿ ನೋಡಲು ಕುಳಿತ ಯುವ ವೈದ್ಯೆ ಅರ್ಧಕ್ಕೇ ನಿದ್ದೆ ಹೋದರು. ತಪ್ಪು ಅವರದಲ್ಲ. ಎರಡನೆಯ ಸಲ ಆರೇ ನಿಮಿಷ: ಮೊದಲು ಎಕ್ಸ್-ರೇ ಮತ್ತು ವಯಸ್ಸು, ಬಳಿಕ ಪ್ರಶ್ನೆ. ಉತ್ತರ ಬರೆದ ಮೇಲೆಯೇ ವಿವರಣೆ. ಆ ಆರು ನಿಮಿಷಕ್ಕೆ ಮೂರು ಸಂಜೆ ಬೇಕಾಯಿತು. ಚಿತ್ರದ ಮೂಲೆಯಲ್ಲಿ ಮಗುವಿನ ಹೆಸರು ಉಳಿದುಬಿಟ್ಟಿತ್ತು; ಸಂಕಲನದ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಪುಣ್ಯ. ತಂದೆತಾಯಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಇನ್ನೊಬ್ಬ ತಜ್ಞರಿಂದ ಪರಿಶೀಲಿಸಿ, ತಯಾರಿಸಿದ ದಿನಾಂಕ ಹಾಕಿದೆವು. ವೈದ್ಯವಿಜ್ಞಾನ ಬದಲಾಗುತ್ತದೆ, ದಿನಾಂಕವಿಲ್ಲದ ಪಾಠವನ್ನು ನಂಬುವುದು ಕಷ್ಟ.

ನಮಗೇನು ಕೆಲಸ ಎನ್ನುತ್ತೀರಾ? ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ಹಾಗಾಗಿ ಕನ್ನಡ ಬಾರದ ವೈದ್ಯರೂ ಬರುತ್ತಾರೆ. ನಿಮ್ಮ ಅಜ್ಜಿ 'ಹೊಟ್ಟೆ ತೊಳಸ್ತೈತೆ' ಎಂದರೆ ಅವರಿಗೆ ತೊಳೆಯುವುದು ಎಂದು ಕೇಳಿಸಬಹುದು. 'ಜೋಮು ಹಿಡಿದೈತೆ', 'ಎದೆ ಹಿಡ್ಕಂಡಂಗೆ ಆಗ್ತೈತೆ' ಎಂಬುವು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಎದೆಯ ಮಾತು ಅರ್ಥವಾಗದೆ ಹೋದ ಅರ್ಧ ಗಂಟೆ ಹೃದಯಕ್ಕೆ ದುಬಾರಿ. ಈ ಮಾತುಗಳನ್ನು ಹಿರಿಯರ ಬಾಯಿಂದಲೇ, ಅವರ ಅನುಮತಿ ಪಡೆದು ಧ್ವನಿಮುದ್ರಿಸಿ, ಅರ್ಥ ಬರೆದು, ವೈದ್ಯರೊಬ್ಬರಿಗೆ ತೋರಿಸಿ ಕೊಡಬಲ್ಲವರು ನೀವು. ಇದಕ್ಕೆ ಒಂದು ಮೊಬೈಲ್ ಫೋನು ಸಾಕು. ಫ್ಯಾನು ಮಾತ್ರ ಆರಿಸಿಕೊಳ್ಳಿ; ಅದರ ಸದ್ದಿಗೆ ಅಜ್ಜಿಯ ಮಾತು ಕೇಳುವುದಿಲ್ಲ.