ಮಳೆ ನಿಂತ ಮೇಲೆ ಮಳೆ ಸುದ್ದಿ

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಆಂಟೆನಾ ಬಗ್ಗೆ ಮಾತಾಡೋಣ.

ಮೊನ್ನೆ ರಜೆ ಹಾಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಬೆಟ್ಟದ ಬುಡ. ಅಲ್ಲಿಂದ ಮೇಲಕ್ಕೆ ನಮ್ಮ ಗಾಡಿ ಬಿಡಲ್ಲ, ಸರ್ಕಾರಿ ಬಸ್ಸೇ ಗತಿ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶ, ಬಿಡದೇ ಇರೋದೇ ಸರಿ. 1,454 ಮೀಟರ್ ಎತ್ತರ. ಮಂಜು ಬಂದರೆ ಎದುರಿಗಿರೋ ಗೋಪುರವೇ ಕಾಣಲ್ಲ. ಮಂಜು ಸರಿದರೆ ಈ ಕಡೆ ಗುಂಡ್ಲುಪೇಟೆ ಬಯಲು, ಆ ಕಡೆ ನೀಲಗಿರಿ, ಇನ್ನೊಂದು ಕಡೆ ಕೇರಳದ ಕಾಡು. ಮೂರು ರಾಜ್ಯ ಒಂದೇ ನೋಟಕ್ಕೆ.

ಇಳಿದು ಬಂದು ಹಂಗಳದಲ್ಲಿ ಟೀ ಕುಡಿಯೋಕೆ ನಿಂತೆ. ಮಳೆ ಶುರುವಾಯ್ತು. ಅಂಗಡಿಯ ಟಿ.ವಿ.ಯಲ್ಲಿ ಸುದ್ದಿ ಓಡ್ತಿತ್ತು. ಮಳೆ ಜೋರಾಯ್ತು. ಚಿತ್ರ ಮೊದಲು ಚೌಕ ಚೌಕವಾಗಿ ಒಡೀತು, ಆಮೇಲೆ ನಿಂತೇ ಹೋಯ್ತು. ನೀಲಿ ಪರದೆ, ಮಧ್ಯದಲ್ಲಿ ‘ನೋ ಸಿಗ್ನಲ್’. ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ನನ್ನನ್ನೇ ನೋಡ್ತಿದ್ದರು. “ನೀವು ಟೀವೀಲಿ ಬತ್ತೀರಲ್ವಾ ಸಾ?” ಅಂದ್ರು. ಹೌದು ಯಜಮಾನ್ರೇ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. “ಬತ್ತೀರಿ ಸರಿ. ಆದ್ರ ಮಳ ಬಂದ್ರ ನೀವು ಬರಲ್ಲ. ಮಳ ನಿಂತ್ಮೇಲ ಬಂದು, ಮಳ ಬತ್ತದ ಅಂತ ಯೋಳ್ತೀರಿ” ಅಂದ್ರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತು ಬಿಡಲಿಲ್ಲ.

ಯಾಕಂದ್ರೆ ಅವರು ಹೇಳಿದ್ದು ತಮಾಷೆಯಲ್ಲ, ಅಚ್ಚ ವಿಜ್ಞಾನ. ನಾನು ಸುದ್ದಿ ಓದೋಕೆ ಬರೋ ಮೊದಲು ಎಂಜಿನಿಯರಿಂಗ್ ಓದಿದವನು. ಹಾಗಾಗಿ ಎರಡು ನಿಮಿಷ ಮೇಷ್ಟ್ರಾಗ್ತೀನಿ, ಸಹಿಸಿಕೊಳ್ಳಿ.

ಮನೆ ಮೇಲಿನ ಬುಟ್ಟಿಯಂಥ ಡಿಶ್‌ಗೆ ಸಿಗ್ನಲ್ ಬರೋದು ಸುಮಾರು 36,000 ಕಿ.ಮೀ. ಮೇಲಿರೋ ಉಪಗ್ರಹದಿಂದ. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅಷ್ಟು ಪುಟ್ಟ ಅಲೆಗೆ ಮಳೆ ಹನಿ ದೊಡ್ಡ ಅಡ್ಡಿ. ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಜಡಿಮಳೆ ಬಂದರೆ ಡಿಶ್ ಕುರುಡಾಗೋದು ಇದಕ್ಕೇ. ಅದೇ ನೆಲದ ಮೇಲಿನ ಟವರ್‌ನಿಂದ ಬರೋ ಟಿ.ವಿ. ಅಲೆ ನೋಡಿ: 500 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 60 ಸೆಂಟಿಮೀಟರ್. ಮಳೆ ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಂಜೂ ಅಷ್ಟೇ. ಅದಕ್ಕೆ ಅಡ್ಡ ಬರೋದು ಗುಡ್ಡ ಮತ್ತು ದೂರ, ಎರಡೇ.

ನನ್ನ ವಯಸ್ಸಿನವರಿಗೆ ನೆನಪಿರಬೇಕು. ಒಬ್ಬ ತಾರಸಿ ಮೇಲೆ ಹತ್ತಿ ಆಂಟೆನಾ ತಿರುಗಿಸೋದು, ಇನ್ನೊಬ್ಬ ಒಳಗಿಂದ ಕೂಗೋದು. “ಬಂತಾ?” “ಇಲ್ಲ, ಚುಕ್ಕಿ ಬರ್ತಿದೆ.” “ಈಗ?” “ಬಂತು ಬಂತು, ಕೈ ಬಿಡಬೇಡ!” ಚುಕ್ಕಿ ಚುಕ್ಕಿ ಚಿತ್ರದಲ್ಲೇ ಭಾನುವಾರದ ಸಿನಿಮಾ ನೋಡಿದ್ದೀವಿ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಅದೇ ಅಂಗಡಿ ಪಕ್ಕದ ಮನೆ ಮೇಲೆ ಅಂಥದ್ದೇ ಒಂದು ಹಳೇ ಆಂಟೆನಾ ಇನ್ನೂ ನಿಂತಿದೆ. ತುಕ್ಕು ಹಿಡಿದಿದೆ. ಬಟ್ಟೆ ಒಣಗಿಸೋ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿದ್ದಾರೆ.

ಏನಾಯ್ತು ಆ ಟವರ್‌ಗಳಿಗೆ? ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ಮುಚ್ಚಿದರು. ಆಯಕಟ್ಟಿನ ಸುಮಾರು 50 ಜಾಗ ಬಿಟ್ಟು ಉಳಿದದ್ದೆಲ್ಲ 2022ರ ಮಾರ್ಚ್ 31ರೊಳಗೆ ಬಂದ್ ಅಂತ ಪ್ರಸಾರ ಭಾರತಿ ಘೋಷಿಸಿತು. ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಹಳೇ ಯಂತ್ರ, ಕರೆಂಟು ಬಿಲ್ಲು, ಸಿಬ್ಬಂದಿ ಖರ್ಚು; ನೋಡೋರು ಕಡಿಮೆಯಾಗಿದ್ದರು. ಒಂದು ಚಾನೆಲ್‌ಗೆ ಅಷ್ಟೊಂದು ತರಂಗಾಂತರ ಕಟ್ಟಿಹಾಕೋದು ದಂಡ. ಒಪ್ಪೋಣ.

ಆದರೆ ಹಳೇದು ತೆಗೆದ ಜಾಗಕ್ಕೆ ಹೊಸದು ಬರಬೇಕಿತ್ತಲ್ಲ? ಆ ಹೊಸದು ಇದೆ. ಡಿಜಿಟಲ್ ಟೆರೆಸ್ಟ್ರಿಯಲ್ ಟಿ.ವಿ., ತಾಂತ್ರಿಕ ಹೆಸರು ಡಿವಿಬಿ-ಟಿ2. ಒಂದು ಅನಲಾಗ್ ಚಾನೆಲ್ ಕೂರ್ತಿದ್ದ ಜಾಗದಲ್ಲಿ ಐದು ಚಾನೆಲ್ ಕೂರಿಸಬಹುದು. ಚಿತ್ರ ಗಾಜಿನಂತೆ ಸ್ವಚ್ಛ. 2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಇದನ್ನು ಶುರು ಮಾಡಿತು. ದೆಹಲಿ, ಮುಂಬೈ, ಚೆನ್ನೈ, ಪಟ್ನಾ, ರಾಂಚಿ... ಕರ್ನಾಟಕದಿಂದ ಒಂದೇ ಹೆಸರು: ಬೆಂಗಳೂರು.

ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಇನ್ನೂರು ಕಿ.ಮೀ. ಮೇಲೆ. ಈ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣೋ ನೇರದಲ್ಲೇ ಹೋಗೋದು. ಭೂಮಿ ಬಾಗಿದ ಕಡೆ ಅದು ಕೈಕೊಡುತ್ತೆ. ಬಯಲಿಗಿಂತ ಆರುನೂರು ಮೀಟರ್ ಎತ್ತರ ನಿಂತರೂ ರೇಡಿಯೋ ಅಲೆಯ ದಿಗಂತ ನೂರು ಕಿ.ಮೀ. ಅಷ್ಟೇ. ಅನಲಾಗ್ ಆಗಿದ್ದರೆ ದೂರ ಹೋದ ಹಾಗೆ ಚುಕ್ಕಿ ಜಾಸ್ತಿಯಾಗ್ತಿತ್ತು, ಆದರೂ ಏನೋ ಒಂದು ಕಾಣ್ತಿತ್ತು. ಡಿಜಿಟಲ್ ಹಾಗಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಆ ಸೊನ್ನೆಯ ಆಚೆ ಬದಿಯಲ್ಲಿದೆ ನಮ್ಮ ಚಾಮರಾಜನಗರ ಜಿಲ್ಲೆ.

“ಡಿಶ್ ಇದೆಯಲ್ಲ ಸಾರ್, ಫೋನ್ ಇದೆಯಲ್ಲ” ಅಂತ ನೀವು ಕೇಳಬಹುದು. ಇದೆ. 2004ರಲ್ಲಿ ಶುರುವಾದ ದೂರದರ್ಶನದ ಉಚಿತ ಡಿಶ್ ಕೋಟಿಗಟ್ಟಲೆ ಮನೆಗೆ ತಲುಪಿದೆ, ಒಳ್ಳೇ ಕೆಲಸ. ಗಡಿ ಮತ್ತು ಬುಡಕಟ್ಟು ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಉಚಿತ ಸೆಟ್‌ಟಾಪ್ ಬಾಕ್ಸ್ ಕೊಡೋ ಯೋಜನೆಗೆ 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಅದೂ ಡಿಶ್ಶೇ. ಜಡಿಮಳೆಯಲ್ಲಿ ಅದಕ್ಕೂ ಅದೇ ಕಥೆ. ಫೋನ್? ಕಾಡಂಚಿನಲ್ಲಿ ಕಡ್ಡಿ ಒಂದು ಬರುತ್ತೆ, ಒಂದು ಹೋಗುತ್ತೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಖಾಲಿಯಾದರೆ ಅದೂ ಇಲ್ಲ. ಎಲ್ಲರೂ ಒಟ್ಟಿಗೆ ಫೋನ್ ಹಿಡಿದರೆ ಮೊಬೈಲ್ ನೆಟ್‌ವರ್ಕ್ ಸುಸ್ತು. ಪ್ರಸಾರ ಹಾಗಲ್ಲ. ನೂರು ಜನ ನೋಡಲಿ, ಲಕ್ಷ ಜನ ನೋಡಲಿ, ಟವರ್‌ಗೆ ಖರ್ಚು ಒಂದೇ.

ಇದು ಬರೀ ಧಾರಾವಾಹಿ ನೋಡೋ ಪ್ರಶ್ನೆ ಆಗಿದ್ದರೆ ನಾನು ಇಷ್ಟು ಹೊತ್ತು ಮಾತಾಡ್ತಿರಲಿಲ್ಲ. ಎರಡು ವಿಷಯ ನೆನಪು ಮಾಡ್ಕೊಳ್ಳಿ.

ಒಂದು, 2020. ಶಾಲೆ ಮುಚ್ಚಿದವು. ಶಿಕ್ಷಣ ಇಲಾಖೆ ದೂರದರ್ಶನದ ಚಂದನ ವಾಹಿನಿಯಲ್ಲಿ ಮೊದಲು ‘ಸೇತುಬಂಧ’, ಆಮೇಲೆ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ಒಳ್ಳೇ ಯೋಚನೆ. ಆದರೆ ಆ ಪಾಠ ತಲುಪಬೇಕಾದದ್ದು ಯಾರಿಗೆ? ಕೈಯಲ್ಲಿ ಟ್ಯಾಬ್ ಇರೋ ನಗರದ ಮಗುವಿಗಲ್ಲ. ಬಂಡೀಪುರದ ಅಂಚಿನ ಹಾಡಿಯಲ್ಲಿ ಕೂತಿರೋ ಸೋಲಿಗರ, ಜೇನು ಕುರುಬರ ಮಗುವಿಗೆ. ಡಿಶ್ ಇಲ್ಲದ, ರೀಚಾರ್ಜ್ ಮುಗಿದ, ಮಳೆಗೆ ಸಿಗ್ನಲ್ ಹೋದ ಮನೆಯಲ್ಲಿ ಆ ಪಾಠ ಆಕಾಶದಲ್ಲೇ ಉಳೀತು.

ಎರಡು, 2024ರ ಜುಲೈ 30, ನಸುಕು. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿಯಿತು. ಅದು ಗುಂಡ್ಲುಪೇಟೆಗೆ ಬೇರೆ ರಾಜ್ಯದ ಸುದ್ದಿ ಅಲ್ಲ, ಪಕ್ಕದ ಮನೆ ಸಾವು. ದುಡಿಮೆಗೆ, ಮದುವೆಗೆ, ತರಕಾರಿ ಮಾರೋಕೆ ಇಲ್ಲಿಯವರು ದಾಟೋ ಗಡಿ ಅದು. ಸತ್ತವರಲ್ಲಿ ಚಾಮರಾಜನಗರ ಜಿಲ್ಲೆಯ ಮೂಲದವರೂ ಇದ್ದರು. ಅಂಥ ದಿನ ನಾವು ಸ್ಟುಡಿಯೋದಲ್ಲಿ ಕೂತು ಗಂಟಲು ಹರಿದುಕೊಳ್ತೀವಿ: ಎಚ್ಚರಿಕೆ, ರೆಡ್ ಅಲರ್ಟ್, ಮನೆಯಿಂದ ಹೊರಬರಬೇಡಿ. ಯಾರಿಗೆ ಹೇಳ್ತಿದ್ದೀವಿ? ಬಿಸಿಲಿರೋ ಊರಿನವರಿಗೆ! ಮಳೆ ಸುರೀತಿರೋ ಮನೆಯ ಪರದೆ ಮೇಲೆ ಆ ಹೊತ್ತಿಗೆ ನಾನಿರಲ್ಲ, ‘ನೋ ಸಿಗ್ನಲ್’ ಇರುತ್ತೆ. ಹಂಗಳದ ಯಜಮಾನರು ಹೇಳಿದ್ದು ಇದನ್ನೇ.

ಬೇರೆ ದೇಶಗಳೂ ಅನಲಾಗ್ ಮುಚ್ಚಿದವು. ಹೇಗೆ ಮುಚ್ಚಿದವು ನೋಡಿ. ಅಮೆರಿಕ 2009ರಲ್ಲಿ ಮುಚ್ಚೋ ಮೊದಲು, ಹಳೇ ಟಿ.ವಿ. ಇರೋರು ಪರಿವರ್ತಕ ಪೆಟ್ಟಿಗೆ ಕೊಳ್ಳಲಿ ಅಂತ 40 ಡಾಲರ್‌ನ ಕೂಪನ್ ಕೊಟ್ಟಿತು. ಜಪಾನ್ 2011ರ ಜುಲೈನಲ್ಲಿ ಮುಚ್ಚಿತು. ಆದರೆ ಆ ವರ್ಷ ಭೂಕಂಪ, ಸುನಾಮಿಯಿಂದ ನಲುಗಿದ್ದ ಇವಾಟೆ, ಮಿಯಾಗಿ, ಫುಕುಶಿಮಾಗಳಿಗೆ ಮಾತ್ರ 2012ರ ಮಾರ್ಚ್‌ವರೆಗೆ ಸಮಯ ಕೊಟ್ಟಿತು. ಹೊಸ ಬಾಗಿಲು ತೆರೆದು ಆಮೇಲೆ ಹಳೇದಕ್ಕೆ ಬೀಗ. ನಮ್ಮಲ್ಲಿ ಜಿಲ್ಲೆಗಳಿಗೆ ಮೊದಲು ಬೀಗ ಬಂತು, ಬಾಗಿಲು ಬೆಂಗಳೂರಲ್ಲೇ ನಿಂತಿತು.

ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಜಗಳ ಇದ್ದದ್ದು ಕ್ರಿಕೆಟ್ ಪ್ರಸಾರದ್ದು. ಆದರೆ ಕೋರ್ಟ್ ಹೇಳಿದ್ದು ಅದಕ್ಕಿಂತ ದೊಡ್ಡ ಮಾತು: ಗಾಳಿಯಲ್ಲಿರೋ ತರಂಗಗಳು ಸಾರ್ವಜನಿಕ ಆಸ್ತಿ, ಜನರ ಹಿತಕ್ಕೆ ಬಳಕೆಯಾಗಬೇಕು. ಸಾರ್ವಜನಿಕ ಅಂದ್ರೆ ಹಂಗಳದವರೂ ತಾನೇ?

ಇದನ್ನು ಹೇಳ್ತಿರೋನು ಖಾಸಗಿ ಸುದ್ದಿ ವಾಹಿನಿಯವನು. ನೆಲದ ಟವರ್‌ನಿಂದ ಟಿ.ವಿ. ಪ್ರಸಾರ ಮಾಡೋ ಅವಕಾಶ ನಮಗಿಲ್ಲ, ಅದು ದೂರದರ್ಶನಕ್ಕೇ ಮೀಸಲು. ಅಂದರೆ ನಾನು ಕೇಳ್ತಿರೋದು ಬಂದರೆ, ಮಳೆ ಬಂದಾಗ ಜನ ನನ್ನ ಬಿಟ್ಟು ಚಂದನ ನೋಡ್ತಾರೆ. ನೋಡಲಿ. ಆ ಅರ್ಧ ಗಂಟೆಯ ಟಿ.ಆರ್.ಪಿ. ನಮಗೆ ಬೇಡ.

ಹಾಗಾದರೆ ಬೇಕಾದದ್ದೇನು? ಗೋಪಾಲಸ್ವಾಮಿ ಬೆಟ್ಟದ ಮೇಲೆ ಟವರ್ ನೆಡಿ ಅಂತ ನಾನು ಹೇಳ್ತಿಲ್ಲ. ಆ ಬೆಟ್ಟ ಆನೆಗೆ, ಹುಲಿಗೆ, ಗೋಪಾಲನಿಗೆ ಸೇರಿದ್ದು, ಹಾಗೇ ಇರಲಿ. ಊರು ಇರೋ ಬಯಲಿನಲ್ಲಿ, ಜಿಲ್ಲೆಗೊಂದು ಡಿಜಿಟಲ್ ಟ್ರಾನ್ಸ್‌ಮಿಟರ್ ಸಾಕು. ಚಂದನ, ಸುದ್ದಿ, ಪಾಠ, ಹವಾಮಾನ. ಮಾರಾಟವಾಗೋ ಪ್ರತಿ ಟಿ.ವಿ.ಯಲ್ಲೂ ಅದನ್ನು ಹಿಡಿಯೋ ಟ್ಯೂನರ್ ಕಡ್ಡಾಯ ಆಗಲಿ. ಇಂಟರ್‌ನೆಟ್ ಇಲ್ಲದೆ ಟವರ್‌ನಿಂದ ನೇರವಾಗಿ ಫೋನಿಗೇ ಟಿ.ವಿ. ಕಳಿಸೋ ತಂತ್ರಜ್ಞಾನದ ಪ್ರಯೋಗವೂ ನಡೆದಿದೆ. ಕಾನ್ಪುರ ಐಐಟಿ ಜೊತೆಗೆ ಅದರಲ್ಲಿ ಕೈಹಾಕಿದ್ದು ನಮ್ಮ ಬೆಂಗಳೂರಿನದೇ ಕಂಪನಿ, ಸಾಂಖ್ಯ ಲ್ಯಾಬ್ಸ್. ಪ್ರಯೋಗ ನಡೆದ ಊರುಗಳಲ್ಲಿ ಮತ್ತೆ ದೆಹಲಿ, ಮತ್ತೆ ಬೆಂಗಳೂರು. ನೆಟ್‌ವರ್ಕ್ ತುಂಬಿ ತುಳುಕೋ ಊರಲ್ಲಿ ನೆಟ್‌ವರ್ಕ್ ಬೇಡದ ಟಿ.ವಿ. ಪರೀಕ್ಷೆ! ಒಂದು ಸಲ ಗುಂಡ್ಲುಪೇಟೆಗೆ ಬನ್ನಿ. ಜುಲೈನಲ್ಲಿ ಬನ್ನಿ.

ದುಡ್ಡೆಲ್ಲಿ ಅನ್ನೋರಿಗೆ ಒಂದು ಹಳೇ ಮಾತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವಾಟ್. ಅಂದ್ರೆ ಇವತ್ತಿನ ಒಂದು ಸೀಲಿಂಗ್ ಫ್ಯಾನ್ ತಿರುಗಿಸೋಕಾಗೋ ಅಷ್ಟು. ಅದಕ್ಕೆ ‘ಆಕಾಶವಾಣಿ’ ಅಂತ ಹೆಸರಾಯ್ತು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು. ಆ ಪ್ರಾಧ್ಯಾಪಕರ ಹೆಸರು ಡಾ. ಎಂ.ವಿ. ಗೋಪಾಲಸ್ವಾಮಿ. ನಮ್ಮ ಬೆಟ್ಟದ ಹೆಸರೇ.

30 ವಾಟ್‌ನಲ್ಲಿ ಒಬ್ಬ ಮೇಷ್ಟ್ರು ಮಾಡಿದ್ದನ್ನು ಒಂದು ಸರ್ಕಾರ ಮಾಡೋಕಾಗಲ್ವಾ?

ಹಂಗಳದ ಆ ಆಂಟೆನಾ ಇನ್ನೂ ನಿಂತಿದೆ. ಸದ್ಯಕ್ಕೆ ಬಟ್ಟೆ ಒಣಗಿಸ್ತಿದೆ, ಅದೂ ಮಳೆ ಇಲ್ಲದ ದಿನ. ಮಳೆ ಬಂದ ದಿನ ಅದಕ್ಕೆ ಬೇರೆ ಕೆಲಸ ಇರಬೇಕು. ಆ ಕೆಲಸ ಕೊಡಿ ಅಂತ ಕೇಳೋಣ. ಯಜಮಾನ್ರೇ, ಮಳೆ ನಿಂತಿದ್ದು ಈ ಮಾತು ನಿಮಗೆ ಕೇಳಿಸಿದ್ದರೆ, ನಿಮ್ಮ ದೂರನ್ನು ಮುಟ್ಟಿಸಿದ್ದೀನಿ.