ಶನಿವಾರದ ಲೆಕ್ಕ



ರಾತ್ರಿಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ಪ್ರತಿ ಶನಿವಾರ ವಾರದ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. 1975ರಲ್ಲಿ ಹಳೆಯ ಹನ್ನೊಂದನೆಯವರೂ ಹೊಸ ಹತ್ತನೆಯವರೂ ಒಟ್ಟಿಗೇ ಎಸ್.ಎಸ್.ಸಿ.ಗೆ ಕುಳಿತರಷ್ಟೆ. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದು ಬಂದ ಹುಡುಗರಿಗೆ ಪಾಠ ಹೇಳಿ, ಕುರ್ಲಾ ಸ್ಟೇಶನ್ನಿನಲ್ಲಿ ಇಳಿಯುವಾಗ ಹನ್ನೊಂದು ಗಂಟೆ. ಮಗಳು ಮಲಗಿರುತ್ತಿದ್ದಳು.

ಒಂದು ಭಾನುವಾರ, ಊರಿನಿಂದ ಬಂದ ಅಜ್ಜಿಯ ಕಾಗದವನ್ನು ಅವಳ ಕೈಗಿತ್ತೆ. ತಿರುಗಿಸಿ ಮುರುಗಿಸಿ ನೋಡಿ, "ಅಪ್ಪಾ, ನೀವೇ ಓದಿ" ಎಂದಳು. ಮರಾಠಿ, ಇಂಗ್ಲಿಷು ಸರಾಗ. ಕನ್ನಡದ ಅಕ್ಷರವೇ ಇಲ್ಲ!

ಆ ವಾರ ಬರೆದದ್ದು ಒಂದೇ ಸಾಲು: ಮನೆಯಲ್ಲಿ ಉಪಾಧ್ಯಾಯರು ಗೈರುಹಾಜರು.

ಮುಂದಿನ ಭಾನುವಾರದಿಂದ ಸ್ಲೇಟು ಹಿಡಿದು ಕುಳಿತೆವು. ನಡುವೆ ಎರಡು ವಾರ ತಪ್ಪಿದ್ದೂ ಉಂಟು, ಮುಚ್ಚಿಡಲೇಕೆ? ದೀಪಾವಳಿಗೆ ಅವಳೇ ಅಜ್ಜಿಗೆ ಕಾರ್ಡು ಬರೆದಳು. ಒತ್ತಕ್ಷರಗಳು, ಮರಾಠಿಯಲ್ಲಿದ್ದಂತೆ, ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದವು. ಅಜ್ಜಿಗೆ ಓದಲು ಕಷ್ಟವೇನೂ ಆಗಲಿಲ್ಲವಂತೆ.